ಕ್ಯಾನ್ಸರ್ ವಿಭಾಗಕ್ಕೊಬ್ಬ ಆಪ್ತ ಸಮಾಲೋಚಕರನ್ನು ಕೊಡಿ: ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಇಂಡಿ ತಾಲ್ಲೂಕಿನ ಒಬ್ಬ ನಿಂಬೆ ಬೆಳೆಗಾರನ ನಮಸ್ಕಾರಗಳು. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದು ಎರಡು ವರ್ಷಗಳಾದವು. ಔಷಧೋಪಚಾರದ ಬಗ್ಗೆ ನನ್ನ ದೂರಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನಮ್ಮ ಕೈಹಿಡಿಯಿತು. ಆದರೆ ಈ ಎರಡು ವರ್ಷಗಳಲ್ಲಿ ನಮ್ಮಿಬ್ಬರ ಮನಸ್ಸು ಏನಾಗಿದೆ ಎಂದು ಯಾರೊಬ್ಬರೂ ಕೇಳಲಿಲ್ಲ.

ವರದಿ ಬಂದ ದಿನ ವೈದ್ಯರು ನನ್ನೊಬ್ಬನನ್ನೇ ಹೊರಗೆ ಕರೆದು, ಜನ ಓಡಾಡುವ ದಾರಿಯಲ್ಲೇ ನಿಲ್ಲಿಸಿಕೊಂಡು, ‘ಕ್ಯಾನ್ಸರ್ ಇದೆ, ಅವರಿಗೆ ಹೇಳಬೇಡಿ’ ಎಂದು ಹೊರಟುಹೋದರು. ನಾನು ಬರೀ ಗಂಟು ಎಂದೆ. ಕಿಮೋ ಶುರುವಾದಾಗ ಗಂಟು ಕರಗಿಸುವ ಸಲಾಯಿನ್ ಎಂದೆ. ಕಡತದ ಮೇಲಿನ ವಿಭಾಗದ ಹೆಸರನ್ನು ಆಕೆ ಮೊದಲ ದಿನವೇ ಓದಿಕೊಂಡಿದ್ದಳು, ಆದರೆ ನಾನು ಕುಗ್ಗುತ್ತೇನೆಂದು ತನಗೇನೂ ಗೊತ್ತಿಲ್ಲದಂತೆ ಇದ್ದಳು. ಆಕೆ ಉದುರಿದ ಕೂದಲನ್ನು ಕಾಗದದಲ್ಲಿ ಸುತ್ತಿ ಜೋಳದ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು. ನಾನು ತೋಟದ ಮೋಟಾರ್ ಚಾಲೂ ಮಾಡಿ ಆ ಸದ್ದಿನಲ್ಲಿ ಅಳುತ್ತಿದ್ದೆ. ಶಸ್ತ್ರಚಿಕಿತ್ಸೆಯ ನಂತರ, ಆಕೆಗೆ ಕೈ ತಗುಲಿ ನೋವಾಗದಿರಲೆಂದು ನಾನು ಹಾಸಿಗೆಯನ್ನು ಪಡಸಾಲೆಗೆ ಒಯ್ದೆ. ತನ್ನ ಮೈ ಕಂಡು ನಾನು ಹೇಸಿದೆನೆಂದು ಆಕೆ ತಿಳಿದಳು. ಅದನ್ನು ಆಕೆ ಬಾಯಿಬಿಟ್ಟು ಹೇಳಲು ಒಂದು ವರ್ಷ ಹಿಡಿಯಿತು. ಅರ್ಧ ಗಂಟೆ ನಮ್ಮಿಬ್ಬರನ್ನೂ ಒಟ್ಟಿಗೆ ಕೂಡಿಸಿ ಮಾತನಾಡಿಸುವವರಿದ್ದರೆ ಆ ವರ್ಷ ನಮಗೆ ಉಳಿಯುತ್ತಿತ್ತು.

ಸರ್ಕಾರಿ ಸೇವೆಗಳಲ್ಲಿ ಮನಸ್ಸಿನ ಆರೈಕೆ ಪಡೆಯುವುದು ಎಲ್ಲರ ಹಕ್ಕು ಎನ್ನುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ತಮಗೆ ಗೊತ್ತಿರುವುದೇ. ನಿಮ್ಹಾನ್ಸ್ ನಮ್ಮದೇ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದೂ ಗೊತ್ತಿರುವುದೇ. ಕಚೇರಿಯಲ್ಲಿ ವಿಚಾರಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಎನ್ನುತ್ತಾರೆ. ಸಹಾಯವಾಣಿ ಬೇಕು, ನಿಜ. ಆದರೆ ಎರಡು ಕೋಣೆಯ ಮನೆಯಲ್ಲಿ, ಗೋಡೆಯಾಚೆ ಹೆಂಡತಿ ಎಚ್ಚರವಾಗಿ ಮಲಗಿರುವಾಗ, ಆಕೆ ಸತ್ತುಹೋಗುತ್ತಾಳೆಂಬ ಭಯವನ್ನು ಯಾವ ಗಂಡ ಫೋನಿನಲ್ಲಿ ಹೇಳಿಕೊಂಡಾನು?

ಆದ್ದರಿಂದ ಕ್ಯಾನ್ಸರ್ ರೋಗಿಗಳು ಬರುವ ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬ ಆಪ್ತ ಸಮಾಲೋಚಕರನ್ನು ನೇಮಿಸಿ. ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಕೊಡಿ. ರೋಗದ ಸುದ್ದಿಯನ್ನು ಗಂಡ-ಹೆಂಡತಿಗೆ ಅಲ್ಲಿಯೇ, ಒಟ್ಟಿಗೆ ಕೂಡಿಸಿ ತಿಳಿಸಲಿ. ಇದನ್ನೇ ಮೂರು ಅರ್ಜಿಗಳಲ್ಲಿ ಬರೆದಿದ್ದೇನೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಕೇಳಿ ಕೇಳಿ ಸಾಕಾಗಿದೆ. ಇನ್ನೆಷ್ಟು ದಂಪತಿಗಳು ಹೀಗೆ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಬದುಕಬೇಕು, ಸಚಿವರೇ? ಸಮಾಲೋಚಕರನ್ನು ನೇಮಿಸಿ. ಮುಂದಿನ ತಿಂಗಳು ತಪಾಸಣೆಗೆ ಬರುವಾಗ ನಾವಿಬ್ಬರೂ ಬಂದು ಆ ಕೋಣೆ ಎಲ್ಲಿದೆ ಎಂದು ಕೇಳುತ್ತೇವೆ.

ತಮ್ಮ ವಿಶ್ವಾಸಿ,
ಇಂಡಿ ತಾಲ್ಲೂಕಿನ ಒಬ್ಬ ರೈತ