ಊರ ಶಾಲೆಗೆ ಹೊರನಾಡ ನೆರವು: ಚಂದಾ ಎತ್ತುವ ಮುಂಚೆ

ಮಾನ್ಯ ಸಂಪಾದಕರೇ,

ನವೆಂಬರ್ ಬಂತೆಂದರೆ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯಿಂದ ಊರಿನ ಸರ್ಕಾರಿ ಶಾಲೆಗಳ ನೆರವಿಗೆ ಕರೆ ಕೊಡುತ್ತವೆ. ಓದಿದ ಶಾಲೆಯ ಋಣ ಎಂದಾಕ್ಷಣ ಸದಸ್ಯರು ಧಾರಾಳವಾಗಿ ಕೊಡುತ್ತಾರೆ. ಆ ಅಭಿಮಾನ ದೊಡ್ಡದು, ಅದು ಪೋಲಾಗಬಾರದು ಎಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇವೆ. ಹಣ ಯಾವ ದಾರಿಯಲ್ಲಿ ಬರಬೇಕು, ಕೊಟ್ಟ ವಸ್ತುವಿನ ಮೂರನೇ ವರ್ಷದ ಖರ್ಚನ್ನು ಯಾರು ಹೊರಬೇಕು ಎಂಬೆರಡು ಮಾತು ಮೊದಲೇ ಇತ್ಯರ್ಥವಾಗದಿದ್ದರೆ ನೆರವು ಬ್ಯಾಂಕಿನಲ್ಲೋ ಶಾಲೆಯ ಬೀರುವಿನಲ್ಲೋ ಕೂತುಬಿಡುತ್ತದೆ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಕೈಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಇಷ್ಟು ಹಲವರಿಗೆ ಗೊತ್ತಿದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ: ಎಲ್ಲರ ಹಣವನ್ನೂ ಸಂಘದ ಖಾತೆಯಲ್ಲಿ ಕೂಡಿಹಾಕಿ ಒಟ್ಟಿಗೆ ಕಳಿಸುತ್ತಾರೆ. ಹೊರದೇಶದಲ್ಲಿ ನೋಂದಣಿಯಾದ ಸಂಘವನ್ನೇ ಕಾನೂನು ವಿದೇಶಿ ಮೂಲ ಎಂದು ನೋಡುತ್ತದೆ. ಸದಸ್ಯರೆಲ್ಲ ಭಾರತದ ಪ್ರಜೆಗಳಾಗಿದ್ದರೂ ಆ ಮೊತ್ತ ವಿದೇಶಿ ದೇಣಿಗೆಯಾಗುತ್ತದೆ. ಆದ್ದರಿಂದ ಭಾರತೀಯ ಪಾಸ್‌ಪೋರ್ಟಿನವರು ತಂತಮ್ಮ ಖಾತೆಯಿಂದ, ಪಾಸ್‌ಪೋರ್ಟ್ ಪ್ರತಿಯೊಂದಿಗೆ, ಇಲ್ಲಿನ ಟ್ರಸ್ಟಿನ ಸಾಮಾನ್ಯ ಖಾತೆಗೆ ಕಳಿಸಲಿ. ಉಳಿದವರ ಹಣ ಮತ್ತು ಸಂಘದ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ) ನೋಂದಣಿ ಇರುವ ಸಂಸ್ಥೆಗೇ ಹೋಗಬೇಕು, ಅದೂ ಆ ಸಂಸ್ಥೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಇದಕ್ಕೆಂದೇ ತೆರೆದಿರುವ ಖಾತೆಗೆ.

ಈ ಕಾಯಿದೆಗೆ 2020ರ ಸೆಪ್ಟೆಂಬರ್‌ನಲ್ಲಿ ತಂದ ತಿದ್ದುಪಡಿಯ ನಂತರ ಇಂಥ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. 'ಬೆಂಗಳೂರಿನ ದೊಡ್ಡ ಸಂಸ್ಥೆಗೆ ಹಾಕಿದರೆ ಅವರು ನಮ್ಮೂರ ಟ್ರಸ್ಟಿಗೆ ಕಳಿಸುತ್ತಾರೆ' ಎಂಬ ಹಳೆಯ ಏರ್ಪಾಡು ಈಗ ನಡೆಯದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಹೊರದೇಶದಿಂದ ನೇರವಾಗಿ ಹಾಕುವುದೂ ಬೇಡ; ಇಕ್ಕಟ್ಟಿಗೆ ಸಿಲುಕುವವರು ಮುಖ್ಯ ಶಿಕ್ಷಕರು. ನೋಂದಾಯಿತ ಸಂಸ್ಥೆಯೇ ಸಾಮಾನು ಕೊಂಡು, ಬಿಲ್ಲನ್ನು ತನ್ನ ಹೆಸರಿನಲ್ಲೇ ಮಾಡಿಸಿ, ಶಾಲೆಗೆ ಒಪ್ಪಿಸಿ, ಶಾಲೆಯ ದಾಸ್ತಾನು ವಹಿಯಲ್ಲಿ ನಮೂದಾದ ಪುಟದ ಪ್ರತಿ ಪಡೆಯುವುದು ಸುರಕ್ಷಿತ. ದಾಸ್ತಾನು ವಹಿಗೆ ಏರದ ವಸ್ತು ಮುಖ್ಯ ಶಿಕ್ಷಕರ ವರ್ಗಾವಣೆಯಾದ ಮೇಲೆ ಯಾರದ್ದೂ ಅಲ್ಲದಂತಾಗುತ್ತದೆ.

ಆಯಾ ದೇಶದ ಕಾಯಿದೆಯನ್ನೂ ನೋಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಸಂಘ ಚಾರಿಟಿಯಾಗಿದ್ದು, ಕೊಡುವವರು ಅಲ್ಲಿ ತೆರಿಗೆ ಕಟ್ಟುವವರಾಗಿದ್ದರೆ, ಗಿಫ್ಟ್ ಏಡ್ ಎಂಬ ತೆರಿಗೆ ಯೋಜನೆಯ ಮೂಲಕ ಪ್ರತಿ ಪೌಂಡಿಗೆ 25 ಪೆನ್ಸ್ ಸಂಘಕ್ಕೆ ಹೆಚ್ಚುವರಿಯಾಗಿ ಬರುತ್ತದೆ; ಒಂದು ಘೋಷಣಾ ಪತ್ರ ತುಂಬಿಸುವುದನ್ನು ಮರೆತು ಅದನ್ನು ಕಳೆದುಕೊಳ್ಳುವುದು ಬೇಡ. ಯುಎಇಯಲ್ಲಂತೂ ಪರವಾನಗಿ ಇಲ್ಲದೆ ಚಂದಾ ಎತ್ತುವುದೇ ಅಪರಾಧ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೂ.

ಇನ್ನು ಏನು ಕೊಡುವುದು? ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಸರ್ಕಾರದಿಂದ ಬರುತ್ತವೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಿಂದ ವಾರದ ಆರೂ ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಗಿದೆ. ಪೋಷಕರ ಮೇಲೆ ಬೀಳುವುದು ನೋಟ್‌ಬುಕ್ಕಿನ ಹೊರೆ. ಪ್ರೌಢಶಾಲೆಯ ಆರು ವಿಷಯಕ್ಕೆ ಎರಡೆರಡರಂತೆ ಮಗುವಿಗೆ ಒಂದು ಡಜನ್ ಬೇಕು, ಅದೂ ಜೂನ್ ಮೊದಲ ವಾರದಲ್ಲಿ. ಆಗಸ್ಟ್ 15ರ ಸಮಾರಂಭದಲ್ಲಿ ಹಂಚಿದರೆ ಅಷ್ಟರೊಳಗೆ ಮನೆಯವರು ಕೊಂಡಾಗಿರುತ್ತದೆ. ಹೊರದೇಶದಿಂದ ಹಳೆಯ ಇಂಗ್ಲಿಷ್ ಕಥೆಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಸಾಗಣೆ ವೆಚ್ಚದಲ್ಲಿ ಇಲ್ಲೇ ಕನ್ನಡದ ಮಕ್ಕಳ ಪುಸ್ತಕಗಳ ಒಂದು ಕಪಾಟು ತುಂಬುತ್ತದೆ, ನಾಲ್ಕನೇ ತರಗತಿಯ ಮಗು ಅದನ್ನು ತೆರೆದು ಓದುತ್ತದೆ ಕೂಡ. ಬಳಸಿದ ಲ್ಯಾಪ್‌ಟಾಪುಗಳ ಆಮದಿಗೂ ನಿರ್ಬಂಧವಿದೆ. ಸುಂಕದ ಕಟ್ಟೆಯಲ್ಲಿ ಸಿಕ್ಕಿಬೀಳುತ್ತವೆ.

ಕಂಪ್ಯೂಟರ್ ಕೋಣೆಗಳ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಸರ್ಕಾರಿ ಶಾಲೆಗಳ ವಿದ್ಯುತ್ ಉಚಿತ ಎಂದು 2023ರ ರಾಜ್ಯೋತ್ಸವದಂದೇ ಘೋಷಣೆಯಾಯಿತು. ಆದರೂ ಕೋಣೆಗೆ ಬೀಗ ಬೀಳುವುದು ಬ್ಯಾಟರಿಯಿಂದ. ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಗೆ ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಬೇಕು. ಬೇಸಿಗೆ ರಜೆಯಲ್ಲಿ ಯಾರೂ ನೋಡುವುದಿಲ್ಲ, ಪ್ಲೇಟುಗಳು ಒಣಗುತ್ತವೆ, ಜೂನ್‌ನಲ್ಲಿ ಚಾರ್ಜ್ ನಿಲ್ಲುವುದಿಲ್ಲ. ಹೊಸ ಬ್ಯಾಟರಿಗೆ ಶಾಲೆಯಲ್ಲಿ ಹಣ ಎಲ್ಲಿಂದ ಬರಬೇಕು? 101ರಿಂದ 250 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯ ಮಾನದಂಡದಂತೆ ವರ್ಷಕ್ಕೆ ಸಿಗುವುದು 50,000 ರೂಪಾಯಿ. ಸೀಮೆಸುಣ್ಣ, ರಿಪೇರಿ, ಸ್ವಚ್ಛತೆ ಎಲ್ಲವೂ ಅದರಲ್ಲೇ.

ಕುಡಿಯುವ ನೀರು ಶುದ್ಧ ಮಾಡುವ ಯಂತ್ರದ ಕಥೆಯೂ ಹೀಗೇ. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಯುವಿ (ನೇರಳಾತೀತ ಕಿರಣದ) ಯಂತ್ರ ರೋಗಾಣುವನ್ನು ಕೊಲ್ಲುತ್ತದೆ, ಫ್ಲೋರೈಡ್ ತೆಗೆಯುವುದಿಲ್ಲ. ಮೊದಲು ನೀರಿನ ಪರೀಕ್ಷೆ ಮಾಡಿಸಿ: ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು, ಅದನ್ನು ಮೀರಿದರೆ ತೆಳು ಪೊರೆಯ ಮೂಲಕ ನೀರು ಸೋಸುವ ಆರ್‌ಒ ಯಂತ್ರ ಬೇಕು. ಆರ್‌ಒ ಹೊರಬಿಡುವ ನೀರನ್ನು ಶೌಚಾಲಯದ ತೊಟ್ಟಿಗೆ ತಿರುಗಿಸುವ ಪೈಪನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿ. ಫಿಲ್ಟರು, ಮೆಂಬ್ರೇನ್ ಬದಲಿಸುವ ವಾರ್ಷಿಕ ನಿರ್ವಹಣಾ ಕರಾರಿಗೆ ಮೂರು ವರ್ಷದ ಹಣವನ್ನು ಮೊದಲ ದಿನವೇ ಕಟ್ಟಿಬಿಡಿ. ಆ ಹಣ ಕೂಡದಿದ್ದರೆ ಐದು ಶಾಲೆಯ ಬದಲು ಎರಡೇ ಶಾಲೆಗೆ ಕೊಡುವುದು ವಾಸಿ ಎಂದು ನಾವು ಖಚಿತವಾಗಿ ಹೇಳುತ್ತೇವೆ.

ಕೊಠಡಿ ಕಟ್ಟಿಸುವವರು ಪಹಣಿ ಅಥವಾ ಇ-ಸ್ವತ್ತಿನಲ್ಲಿ ಜಾಗ ಶಾಲೆಯ ಹೆಸರಿಗಿದೆಯೇ ನೋಡಲಿ. ಹಿಂದೆ ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗಗಳಿಗೆ ಮೊಮ್ಮಕ್ಕಳು ತಕರಾರು ತೆಗೆಯುತ್ತಾರೆ.

ಹೊರನಾಡಿನವರು ಹಣಕ್ಕಿಂತ ಸಮಯ ಕೊಟ್ಟರೆ ಹೆಚ್ಚು ಫಲ ಕಾಣುವ ಒಂದು ಕೆಲಸವಿದೆ. ಅದು ಎಂಟನೇ ತರಗತಿಯ ಮಕ್ಕಳಿಗೆ ನಡೆಯುವ ಎನ್‌ಎಂಎಂಎಸ್ ಎಂಬ ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆಗೆ ತರಬೇತಿ ಕೊಡುವುದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ ಕೇಂದ್ರ ಸರ್ಕಾರದಿಂದ ಬರುತ್ತದೆ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು, ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ಪತ್ರಿಕೆ ಎರಡು, ತಲಾ 90 ಪ್ರಶ್ನೆ, 90 ನಿಮಿಷ. ಸಂಖ್ಯಾಶ್ರೇಣಿ, ಸಾದೃಶ್ಯ, ಗುಪ್ತಸಂಕೇತದಂಥ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ಪಠ್ಯದಲ್ಲಿ ಇರುವುದಿಲ್ಲ, ಮಕ್ಕಳು ಸೋಲುವುದು ಅಲ್ಲೇ. ವಾರಕ್ಕೆರಡು ಆನ್‌ಲೈನ್ ತರಗತಿ, ಜುಲೈನಿಂದ ನಾಲ್ಕು ತಿಂಗಳು ನಡೆಸಿದರೆ ಅಭ್ಯಾಸವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ರಾತ್ರಿ 9 ಗಂಟೆ ಎಂದರೆ ಇಲ್ಲಿ ಬೆಳಿಗ್ಗೆ 9.30, ದುಬೈನ ಮಧ್ಯಾಹ್ನ 3 ಇಲ್ಲಿಯ 4.30. ಕನ್ನಡದಲ್ಲೇ ಹೇಳಿಕೊಡಬೇಕು, ಲೆಕ್ಕದ ಪದಗಳನ್ನೂ ಸಹ. ಜೊತೆಗೆ ಶಾಲೆಯ ಒಬ್ಬ ಶಿಕ್ಷಕರು ಕೋಣೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಎರಡನೇ ವಾರಕ್ಕೆ ಹಾಜರಿ ಅರ್ಧಕ್ಕಿಳಿಯುತ್ತದೆ. ಪಾಸಾದ ಮೇಲೂ ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ, ಪ್ರತಿ ವರ್ಷದ ನವೀಕರಣ ಅರ್ಜಿ ಹಾಕದೆ ವಿದ್ಯಾರ್ಥಿವೇತನ ನಿಂತುಹೋಗುವುದುಂಟು. ಅದನ್ನು ನೆನಪಿಸಲು ಒಬ್ಬ ಸದಸ್ಯರನ್ನೇ ಗೊತ್ತುಮಾಡಿ.

ಮುಂದಿನ ಜೂನ್‌ಗೆ ತಲುಪಬೇಕಾದ ನೆರವಿನ ಕೆಲಸ ಈ ಡಿಸೆಂಬರ್‌ನಲ್ಲೇ ಶುರುವಾಗಬೇಕು. ಶಾಲೆಯನ್ನು ಗುರುತಿಸುವ 11 ಅಂಕಿಯ ಯುಡೈಸ್ ಸಂಖ್ಯೆ, ಏನು ಬೇಕೆಂದು ಎಸ್‌ಡಿಎಂಸಿ ಮಾಡಿದ ನಡಾವಳಿಯ ಪ್ರತಿ, ಮೂರು ವರ್ಷದ ಖರ್ಚಿನ ಅಂದಾಜು ಕೈಗೆ ಬಂದ ಮೇಲೆ ಸಂಘಗಳು ಚಂದಾ ಪಟ್ಟಿ ತೆರೆಯಲಿ.

— ಸರ್ಕಾರಿ ಶಾಲೆಗಳ ಸ್ವಯಂಸೇವಕರು, ತುಮಕೂರು ಜಿಲ್ಲೆ