ಬೇಸಿಗೆ ಕೆಲಸ: ಹೈಸ್ಕೂಲ್ ಮಕ್ಕಳ ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬದ ಶಾಲಾ ಮಕ್ಕಳು ಸಂಬಳದ ಕೆಲಸಕ್ಕೆ ಸೇರಲು ವರ್ಕ್ ಪರ್ಮಿಟ್ ಬೇಕು, ರಜೆಯಲ್ಲೂ ಬೇಕು. ಮೊದಲು ಕೆಲಸ ಸಿಕ್ಕಿರಬೇಕು. ಆಮೇಲೆ ವರ್ಕ್ ಪರ್ಮಿಟ್ ಕೋರುವ ಬಿ1-1 ಅರ್ಜಿಗೆ ವಿದ್ಯಾರ್ಥಿ, ಪೋಷಕರು, ಮಾಲೀಕರು ಮೂವರೂ ಸಹಿ ಹಾಕಿ ಶಾಲೆಗೆ ಕೊಡಬೇಕು. ರಜೆಯಲ್ಲಿ ಯಾರು ಪರ್ಮಿಟ್ ಕೊಡುತ್ತಾರೆ ಎಂದು ಶಾಲೆ ಮುಚ್ಚುವ ಮೊದಲೇ ವಿಚಾರಿಸಿಡಿ.

ಎಚ್-4 ವೀಸಾದಲ್ಲಿದ್ದು (ಎಚ್-1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಇಎಡಿ, ಅಂದರೆ ಅಮೆರಿಕ ಸರ್ಕಾರದ ಉದ್ಯೋಗ ಅನುಮತಿ ಪತ್ರ, ಇಲ್ಲದ ಮಕ್ಕಳು ಸಂಬಳಕ್ಕೆ ದುಡಿಯುವಂತಿಲ್ಲ. "ಐಸ್‌ಕ್ರೀಮ್ ಅಂಗಡಿ ತಾನೇ, ಕೈಗೆ ನಗದು ಕೊಡುತ್ತಾರೆ" ಎಂದು ಯಾರೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ಮುಂದೆ ವೀಸಾಕ್ಕೇ ಕುತ್ತು. ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ವಯಂಸೇವೆಗೆ ಅಡ್ಡಿಯಿಲ್ಲ.

ಇನ್ನೊಂದು ಮಾತು: ಅಂಗಡಿಯೊಳಗೆ ಹೋಗಿ ಮಕ್ಕಳೇ ಕೇಳಲಿ. ಅಪ್ಪ ಅಮ್ಮಂದಿರು ದಯವಿಟ್ಟು ಕಾರಿನಲ್ಲೇ ಕುಳಿತಿರಿ.