ಪಾಸ್‌ಬುಕ್ಕಿನಲ್ಲಿ ಮೂರು ಸಲ 177 ರೂಪಾಯಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದಲ್ಲೇ ಖಾಸಗಿ ಬ್ಯಾಂಕ್. ಎಂಟ್ರಿ ಹಾಕಿಸಿಕೊಂಡು ಬಂದವರು 'ಓದಿ ಹೇಳಣ್ಣ' ಎಂದು ಪಾಸ್‌ಬುಕ್ ನನ್ನ ಕೈಗೆ ಕೊಡುತ್ತಾರೆ. ಹೋದ ತಿಂಗಳು ಕೊಬ್ಬರಿ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬರು ಬಂದರು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿದೆ, ಖಾತೆಯಲ್ಲಿ 1,469 ಮಾತ್ರ ಇದೆ, ಉಳಿದಿದ್ದು ಎಲ್ಲಿ ಹೋಯಿತು ಅಂತ ಅವರಿಗೆ ಗಾಬರಿ. ನೋಡಿದರೆ, ಜಮಾ ಆದ ಸಾಲಿನ ಕೆಳಗೇ 177, 177, 177. ಮಿನಿಮಮ್ ಬ್ಯಾಲೆನ್ಸ್ ಇಟ್ಟಿಲ್ಲ ಎಂದು ಮೂರು ತಿಂಗಳ ದಂಡ. ತಿಂಗಳಿಗೆ 150, ಅದರ ಮೇಲೆ ಜಿಎಸ್‌ಟಿ 27.

ಆ ಖಾತೆ ಅವರಾಗಿ ಹೋಗಿ ಮಾಡಿಸಿದ್ದಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿದ್ದಾಗ ಸಂಬಳಕ್ಕೆಂದು ಫ್ಯಾಕ್ಟರಿಯವರು ಮಾಡಿಸಿದ್ದು. ಆಗ ಸೊನ್ನೆ ಇದ್ದರೂ ನಡೆಯುತ್ತಿತ್ತು. ಅತ್ತೆಗೆ ಲಕ್ವಾ ಹೊಡೆದು ಊರಿಗೆ ಬಂದರು, ಸಂಬಳ ನಿಂತಿತು. ಖಾತೆ ತಾನಾಗಿಯೇ ಸಾಮಾನ್ಯ ಉಳಿತಾಯ ಖಾತೆಯಾಯಿತು. 2,500 ಇರಲೇಬೇಕು ಎಂಬ ಮೆಸೇಜ್ ಇಂಗ್ಲಿಷಿನಲ್ಲಿ ಬಂದಿತ್ತಂತೆ, ಮಗಳ ಹಳೇ ನಂಬರಿಗೆ. ಆಧಾರ್ ಜೋಡಣೆ ಆಗಿರುವುದು ಇದೇ ಖಾತೆಗೆ. ಹಾಗಾಗಿ ಸರ್ಕಾರದ ದುಡ್ಡೂ ಇಲ್ಲಿಗೇ ಬರುತ್ತದೆ.

ದಂಡದಿಂದಾಗಿ ಖಾತೆ ಮೈನಸ್‌ಗೆ ಹೋಗಬಾರದು ಎಂದು ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲೇ ಹೇಳಿದೆ. ಇವರದೂ ಮೈನಸ್ ಆಗಿಲ್ಲ. ಬಾಕಿ ಅಂತ ಬರೆದಿಟ್ಟುಕೊಂಡು, ದುಡ್ಡು ಬಿದ್ದ ತಕ್ಷಣ ಹಿಡಿದುಕೊಂಡಿದ್ದಾರೆ. ಎರಡಕ್ಕೂ ಏನು ವ್ಯತ್ಯಾಸ, ಹೇಳಿ?

ದಂಡವಿಲ್ಲದೆ ಬ್ಯಾಂಕ್ ನಡೆಯುವುದಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಸ್ಟೇಟ್ ಬ್ಯಾಂಕ್ 2020ರಲ್ಲೇ ಇದನ್ನು ಕೈಬಿಟ್ಟಿತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಎಲ್ಲ ಉಳಿತಾಯ ಖಾತೆಗಳಿಗೂ ತೆಗೆದುಹಾಕಿತು. ಎರಡೂ ಚೆನ್ನಾಗಿಯೇ ನಡೆಯುತ್ತಿವೆ. ಅದಕ್ಕೆ ಮುಂಚೆ, 2023–24ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಹೀಗೆ ವಸೂಲು ಮಾಡಿದ್ದು ಸುಮಾರು 8,500 ಕೋಟಿ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಖಾತೆ ನೋಡಿಕೊಳ್ಳಲು ಖರ್ಚಿದೆ, ನಿಜ. ಆದರೆ ದುಡ್ಡಿಲ್ಲ ಅನ್ನುವ ಕಾರಣಕ್ಕೇ ದುಡ್ಡು ಕೀಳುವುದು ಯಾವ ಲೆಕ್ಕ?

ಮಿನಿಮಮ್ ಬ್ಯಾಲೆನ್ಸ್ ಎಷ್ಟಿರಬೇಕೆಂದು ಆಯಾ ಬ್ಯಾಂಕುಗಳೇ ತೀರ್ಮಾನಿಸಲಿ ಎಂದು 2025ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಹೇಳಿದರು. ಬೇಡವಾದವರು ಬೇರೆ ಬ್ಯಾಂಕಿಗೆ ಹೋಗಬಹುದಲ್ಲ ಎಂದು ಅಂಗಡಿಗೆ ಬರುವ ಓದಿದವರೂ ಅನ್ನುತ್ತಾರೆ. ಅದಕ್ಕೆ ಈ ಹೆಣ್ಣುಮಗಳು ಎರಡು ದಿನದ ಕೂಲಿ ಬಿಡಬೇಕು. ಹೊಸ ಖಾತೆ ಮಾಡಿಸಿ, ಆಧಾರ್ ಬದಲಿಸಿ, ಹಳೇ ಬಾಕಿ ತೀರಿಸಬೇಕು. ಝೀರೋ ಬ್ಯಾಲೆನ್ಸ್ ಖಾತೆ ಅಂತ ಒಂದಿದೆ ಎಂದೇ ಅವರಿಗೆ ಯಾರೂ ಹೇಳಿರಲಿಲ್ಲ. ಅರ್ಜಿ ನಾನೇ ತುಂಬಿ ಕೊಟ್ಟೆ.

2014ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕೇ ಒಂದು ಒಳ್ಳೆಯ ಮಾತು ಹೇಳಿತ್ತು. ಬ್ಯಾಲೆನ್ಸ್ ಕಡಿಮೆಯಾದರೆ ದಂಡ ಹಾಕಬೇಡಿ, ಸೌಲಭ್ಯ ಕಡಿಮೆ ಮಾಡಿ, ದುಡ್ಡು ತುಂಬಿದಾಗ ವಾಪಸ್ ಕೊಡಿ ಎಂದು. ಅದೇ ವರ್ಷ ನವೆಂಬರ್‌ನಲ್ಲಿ ದಂಡಕ್ಕೆ ದಾರಿ ಬಿಟ್ಟಿತು. ಏಪ್ರಿಲ್‌ನ ಆ ಮಾತನ್ನೇ ಎಲ್ಲ ಬ್ಯಾಂಕುಗಳಿಗೂ ನಿಯಮ ಮಾಡಲಿ. ಅಲ್ಲಿಯವರೆಗೆ, ಸರ್ಕಾರದ ಯೋಜನೆಯ ಹಣ ಜಮಾ ಆದಾಗ ಅದರಿಂದ ಹಳೇ ದಂಡ ಹಿಡಿಯುವುದನ್ನಾದರೂ ನಿಲ್ಲಿಸಲಿ.

— ಜೆರಾಕ್ಸ್ ಅಂಗಡಿಯವ, ತಿಪಟೂರು